ಮನೆತನದ ಹಳೆಯ ಹಾರ್ಮೋನಿಯಂ: ಕಾಪಿಡುವ ಬಗೆ, ದುರಸ್ತಿಯ ಎಚ್ಚರ

ಉತ್ತರ ಕರ್ನಾಟಕದ ಹಳೆಯ ಮನೆತನಗಳಲ್ಲಿ ದೇವರಕೋಣೆಯ ಮೂಲೆಯಲ್ಲಿಯೋ, ಪಡಸಾಲೆಯ ಅಟ್ಟದ ಮೇಲೆಯೋ, ಕಾಳಿನ ಚೀಲಗಳ ಹಿಂದೆಯೋ ಒಂದು ಹಾರ್ಮೋನಿಯಂ ಪೇಟಿ ಇರುವುದು ಅಪರೂಪದ ಸಂಗತಿಯೇನಲ್ಲ. ಅಜ್ಜನೋ ಮುತ್ತಜ್ಜನೋ ಆಸೆಪಟ್ಟು ತಂದದ್ದು. ಶ್ರಾವಣದ ಭಜನೆಗೆ, ಮಠದ ಪುರಾಣ ಪ್ರವಚನಕ್ಕೆ, ಮನೆಯ ಮಕ್ಕಳ ವಚನಗಾಯನದ ಪಾಠಕ್ಕೆ ಒದಗಿದ್ದು. ಹಿರಿಯರು ಲಿಂಗೈಕ್ಯರಾದ ಮೇಲೆ ನುಡಿಸುವ ಕೈಗಳು ಕಡಿಮೆಯಾದವು; ಮಕ್ಕಳು ಓದಿಗೆ, ನೌಕರಿಗೆ ಊರು ಬಿಟ್ಟರು; ಪೇಟಿ ಬಟ್ಟೆ ಹೊದ್ದು ಮಲಗಿತು. ಮುಂದೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗಲೋ, ಅಣ್ಣತಮ್ಮಂದಿರು ಪಾಲಾಗುವಾಗಲೋ ಅದು ಮತ್ತೆ ಕಣ್ಣಿಗೆ ಬೀಳುತ್ತದೆ. ಇದನ್ನು ಏನು ಮಾಡೋಣ ಎಂಬ ಪ್ರಶ್ನೆ ಆಗ ಏಳುತ್ತದೆ.

ಕೆಲವರು ಅದನ್ನು ಗುಜರಿಯವನಿಗೆ ಕೊಟ್ಟುಬಿಡುತ್ತಾರೆ. ಒಳಗಿನ ಹಿತ್ತಾಳೆ ತೂಕಕ್ಕೆ ಹೋಗುತ್ತದೆ, ಮರ ಒಲೆಗೆ ಹೋಗುತ್ತದೆ. ಕೆಲವರು ಮೇಲಷ್ಟೇ ಪಾಲಿಶ್ ಹಚ್ಚಿಸಿ ಪಡಸಾಲೆಯ ಶೋಕೇಸಿನಲ್ಲಿಡುತ್ತಾರೆ. ಇನ್ನು ಕೆಲವರು ಹಿರಿಯರ ಮೇಲಿನ ಪ್ರೀತಿಯಿಂದಲೇ, ಆದರೆ ಬಲು ಅವಸರದಿಂದ, ಸಿಕ್ಕವರ ಕೈಯಲ್ಲಿ ದುರಸ್ತಿಗೆ ಕೊಡುತ್ತಾರೆ. ಶೋಕೇಸಿನಲ್ಲಿ ಇಪ್ಪತ್ತು ವರ್ಷ ಕುಳಿತ ಪೇಟಿಯನ್ನು ಮತ್ತೆ ನುಡಿಸುವಂತೆ ಮಾಡಬಹುದು. ಅವಸರದ ಅರ ತಾಗಿದ ರೀಡನ್ನು ಹಿಂದಿನ ಸ್ಥಿತಿಗೆ ತರಲು ಯಾವ ಕುಶಲಕರ್ಮಿಯಿಂದಲೂ ಆಗದು. ಆದ್ದರಿಂದ ಪ್ರೀತಿಯ ದುರಸ್ತಿಯೇ ಹೆಚ್ಚು ಎಚ್ಚರವನ್ನು ಬೇಡುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಅದನ್ನು ವಿವರಿಸುವುದಕ್ಕೆ ಮೊದಲು ಈ ವಾದ್ಯ ನಮ್ಮ ಮನೆಗಳಿಗೆ ಬಂದ ದಾರಿಯನ್ನು ತುಸು ನೋಡಬೇಕು.

ಪ್ಯಾರಿಸ್ಸಿನಿಂದ ಪಡಸಾಲೆಗೆ

ಹಾರ್ಮೋನಿಯಂ ಹುಟ್ಟಿದ್ದು ಯುರೋಪಿನಲ್ಲಿ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಂ ಎಂಬ ವಾದ್ಯ ತಯಾರಕನು ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಕುರ್ಚಿಯ ಮೇಲೆ ಕುಳಿತು ಎರಡೂ ಕಾಲುಗಳಿಂದ ತಿದಿಯನ್ನು ತುಳಿಯುತ್ತ ಎರಡೂ ಕೈಗಳಿಂದ ನುಡಿಸುವ, ಮೇಜಿನಷ್ಟು ದೊಡ್ಡ ವಾದ್ಯವದು. ದೊಡ್ಡ ಆರ್ಗನ್ ಕೊಳ್ಳಲಾಗದ ಸಣ್ಣ ಇಗರ್ಜಿಗಳಿಗೂ ಮನೆಗಳಿಗೂ ಅದು ಒಪ್ಪಿತು. ಪಾದ್ರಿಗಳೊಡನೆ, ಅಧಿಕಾರಿಗಳೊಡನೆ ಭಾರತಕ್ಕೂ ಬಂದಿತು. ನಮ್ಮ ಸಂಗೀತಗಾರರು ಜಮಖಾನೆಯ ಮೇಲೆ ಪದ್ಮಾಸನ ಹಾಕಿ ಕೂಡುವವರು; ಅವರಿಗೆ ಕಾಲಿನ ತಿದಿಯಿಂದ ಪ್ರಯೋಜನವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು, ದ್ವಾರ್ಕಿನ್ ಎಂಬ ತಮ್ಮ ಅಂಗಡಿಯ ಮೂಲಕ, ತಿದಿಯನ್ನು ಹಿಂಬದಿಗೆ ತಂದು ಒಂದು ಕೈಯಿಂದ ಒತ್ತುವಂತೆ ಮಾಡಿದ ಚಿಕ್ಕ ಪೇಟಿಯನ್ನು ಬಳಕೆಗೆ ತಂದರು. ಇಂದು ನಾವು ಹಾರ್ಮೋನಿಯಂ ಎಂದೊಡನೆ ನೆನೆಯುವ ರೂಪ ಇದೇ.

ಕಾಲಿನಿಂದ ತುಳಿಯುವ ಪೇಟಿಯೂ ನಮ್ಮಲ್ಲಿ ಮರೆಯಾಗಲಿಲ್ಲ. ಕಂಪನಿ ನಾಟಕಗಳು ಅದನ್ನು ಕೈಹಿಡಿದವು. 1884ರಲ್ಲಿ ಆರಂಭವಾದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘದಿಂದ ಹಿಡಿದು ಏಣಗಿ ಬಾಳಪ್ಪನವರ ಕಾಲದವರೆಗೆ ರಂಗಗೀತೆಯ ಬೆನ್ನಿಗೆ ನಿಂತದ್ದು ಪೇಟಿಯ ಧ್ವನಿ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ತುಂಬಿದ ಡೇರೆಯ ಕೊನೆಯ ಸಾಲಿಗೂ ಶ್ರುತಿ ಮುಟ್ಟಬೇಕಾದರೆ ಅಂತಹ ಗಟ್ಟಿ ವಾದ್ಯವೇ ಬೇಕಿತ್ತು.

ವಿದ್ವಾಂಸರ ವಲಯದಲ್ಲಿ ಮಾತ್ರ ಹಾರ್ಮೋನಿಯಂ ಅನುಭವಿಸಿದ ಅವಮಾನ ಸಣ್ಣದಲ್ಲ. ಇದರಲ್ಲಿ ಮೀಂಡು ಬಾರದು, ಶ್ರುತಿಗಳು ಸ್ಥಿರವಾಗಿ ನಿಂತುಬಿಟ್ಟಿವೆ ಎಂಬ ಆಕ್ಷೇಪದಿಂದ ಆಕಾಶವಾಣಿ 1940ರಲ್ಲಿ ಇದನ್ನು ನಿಷೇಧಿಸಿತು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಆದರೆ ಬಾನುಲಿ ಬಾಗಿಲು ಮುಚ್ಚಿದ್ದ ಆ ಮೂರು ದಶಕಗಳಲ್ಲಿಯೇ ನಮ್ಮ ಹಳ್ಳಿಗಳ ಭಜನಾ ಮಂಡಳಿಗಳು ಪೇಟಿಯನ್ನು ಎದೆಗಪ್ಪಿಕೊಂಡಿದ್ದವು. ಬೆಳಗಾವಿಯಲ್ಲಿ ರಾಮಭಾವು ವಿಜಾಪುರೆ (1917–2010) ಅವರಂತಹವರು ಹಾರ್ಮೋನಿಯಂ ಒಂದರಲ್ಲಿಯೇ ಜೀವಮಾನದ ಸಾಧನೆ ಮಾಡಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತವನ್ನು ಅನ್ನದ ದಾರಿಯಾಗಿಸಿದವರು. ಕಣ್ಣಿಲ್ಲದ ಮಗುವಿಗೆ ಹಾರ್ಮೋನಿಯಂ ಏಕೆ ಒಗ್ಗುತ್ತದೆ ಎಂಬುದನ್ನು ಪೇಟಿಯ ಮೇಲೆ ಕೈಯಾಡಿಸಿ ನೋಡಿದರೆ ತಿಳಿಯುತ್ತದೆ: ಕರಿ ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಎದ್ದು ನಿಂತಿರುತ್ತವೆ, ಬೆರಳು ತಡವಿದರೆ ಸಾಕು, ಷಡ್ಜ ಎಲ್ಲಿದೆಯೆಂದು ಕೈಗೇ ಗೊತ್ತಾಗುತ್ತದೆ.

ಒಳಗೆ ಏನಿದೆ?

ಪೇಟಿಯ ಹಿಂದಿನ ಹೊರತಿದಿಯನ್ನು ಕೈಯಿಂದ ತೆರೆದು ಮುಚ್ಚಿದಾಗ ಗಾಳಿ ತೊಗಲಿನ ಕವಾಟಗಳ ಮೂಲಕ ಒಳಗಿನ ಇನ್ನೊಂದು ತಿದಿಗೆ ಸೇರುತ್ತದೆ. ಒಳತಿದಿ ಸ್ಪ್ರಿಂಗುಗಳ ಒತ್ತಡದಲ್ಲಿ ಆ ಗಾಳಿಯನ್ನು ಕೂಡಿಟ್ಟು, ಒಂದೇ ಸಮನಾಗಿ ಮೇಲಕ್ಕೆ ಬಿಡುತ್ತದೆ. ಕೈ ತಡೆದು ತಡೆದು ಒತ್ತಿದರೂ ಸ್ವರ ಅಖಂಡವಾಗಿ ಬರುವುದು ಇದರಿಂದ. ಮುಂಭಾಗದ ಎಳೆಗುಂಡಿಯನ್ನು, ಅಂದರೆ ಸ್ಟಾಪನ್ನು, ಹೊರಗೆಳೆದರೆ ಗಾಳಿ ರೀಡುಗಳ ಅಂಕಣಕ್ಕೆ ನುಗ್ಗುತ್ತದೆ. ಮನೆಯನ್ನು ಒತ್ತಿದಾಗ ಅದರ ಹಿಂತುದಿ ಮೇಲೆದ್ದು ಒಂದು ರಂಧ್ರ ತೆರೆಯುತ್ತದೆ. ಅಲ್ಲಿಂದ ಹೊರಬೀಳಲು ಧಾವಿಸುವ ಗಾಳಿ ದಾರಿಯಲ್ಲಿರುವ ರೀಡಿನ ನಾಲಗೆಯನ್ನು ನಡುಗಿಸುತ್ತದೆ. ಆ ನಡುಕವೇ ಸ್ವರ.

ರೀಡು ಎಂದರೆ ಹಿತ್ತಾಳೆಯ ಒಂದು ತಗಡು, ಅದರಲ್ಲಿ ಉದ್ದನೆಯ ಸೀಳು, ಸೀಳಿನ ಮೇಲೆ ಒಂದು ತುದಿಯಲ್ಲಿ ಮಾತ್ರ ಬಿಗಿದ ತೆಳು ನಾಲಗೆ. ನಾಲಗೆ ಸೀಳಿನ ಅಂಚನ್ನು ಮುಟ್ಟದೆ ಅದರೊಳಗೆ ಆಡಬೇಕು; ಇಬ್ಬದಿಯ ಬಿಡುವು ಕೂದಲೆಳೆಯಷ್ಟು. ಮೂರೂವರೆ ಸ್ಥಾಯಿಯ ಪೇಟಿಯಲ್ಲಿ 42 ಮನೆಗಳು. ಒಂದೇ ಸಾಲಿನ ರೀಡಿದ್ದರೆ 42 ನಾಲಗೆಗಳು, ಎರಡು ಸಾಲಿನದಾದರೆ 84, ಮೂರು ಸಾಲಿನದಾದರೆ 126. ಹಳೆಯ ಪೇಟಿಗಳಲ್ಲಿ ಜರ್ಮನಿಯ ಜೂಬಿಲೇಟ್, ಪ್ಯಾರಿಸ್ಸಿನ ಕಾಸ್ರಿಯಲ್ ಎಂಬ ಹೆಸರಿನ ರೀಡುಗಳು ಇರುವುದುಂಟು. ಬಲ್ಲವರು ಇವನ್ನು ಕಂಡರೆ ಕೈಮುಗಿಯುತ್ತಾರೆ. ನಮ್ಮ ದೇಶದಲ್ಲಿ ಗುಜರಾತಿನ ಪಾಲಿತಾಣಾ ರೀಡು ತಯಾರಿಕೆಗೆ ಹೆಸರಾದ ಊರು. ಅಲ್ಲಿಯ ಒಳ್ಳೆಯ ರೀಡುಗಳನ್ನೂ ಕೀಳೆಂದು ತಿಳಿಯಬೇಕಾಗಿಲ್ಲ.

ಮರ, ತೊಗಲು, ಉಣ್ಣೆಯ ಬನಾತು, ರಟ್ಟು, ಅಂಟು, ಸ್ಪ್ರಿಂಗು ಇವೆಲ್ಲವೂ ಸವೆಯುವ ವಸ್ತುಗಳು, ಬದಲಿಸಬಹುದಾದ ವಸ್ತುಗಳು. ಪೇಟಿಗೆ ಅದರದೇ ಆದ ಧ್ವನಿ ಬರುವುದು ಮುಖ್ಯವಾಗಿ ರೀಡಿನಿಂದ, ಆ ರೀಡು ಕುಳಿತ ಹಲಗೆಯಿಂದ. ಅವೆರಡು ಉಳಿದರೆ ಪೇಟಿ ಉಳಿದಂತೆ.

ಎಲ್ಲಿ ಇಡಬೇಕು, ಎಲ್ಲಿ ಇಡಬಾರದು

ಪೇಟಿಗೆ ಮನೆಯಲ್ಲಿ ಅತ್ಯಂತ ಕೆಟ್ಟ ಜಾಗ ತಗಡಿನ ಮಾಡಿನ ಕೆಳಗಿನ ಅಟ್ಟ. ವಿಜಯಪುರ, ಕಲಬುರಗಿ, ರಾಯಚೂರು ಸೀಮೆಯ ಬೇಸಿಗೆಯಲ್ಲಿ ಆ ಜಾಗ ಒಲೆಯಂತೆ ಕಾಯುತ್ತದೆ. ಮರ ಒಣಗಿ ರೀಡಿನ ಹಲಗೆಯಲ್ಲಿ ಬಿರುಕು ಬಿಡುತ್ತದೆ, ಅಂಟು ಪುಡಿಯಾಗುತ್ತದೆ, ತೊಗಲು ಹಪ್ಪಳವಾಗುತ್ತದೆ. ಎರಡನೆಯ ಕೆಟ್ಟ ಜಾಗ ಅಡುಗೆಮನೆಯ ಗೋಡೆಗೆ ಹತ್ತಿದ ಕಪಾಟು. ಒಗ್ಗರಣೆಯ ಎಣ್ಣೆಯ ಆವಿ ಸದ್ದಿಲ್ಲದೆ ಒಳಹೊಕ್ಕು ರೀಡಿನ ಮೇಲೆ ಜಿಗುಟಾದ ಪೊರೆಯಾಗಿ ಕೂಡುತ್ತದೆ. ಅದಕ್ಕೆ ಧೂಳು ಅಂಟಿದರೆ ಸ್ವರ ಮಂದವಾಗುತ್ತದೆ. ದೇವರಕೋಣೆಯಲ್ಲಿ ಇಡುವವರು ಹಲವರು. ಭಾವನೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಅಲ್ಲಿ ಅಭಿಷೇಕದ ನೀರಿನ ತೇವವಿರುತ್ತದೆ, ದೀಪದ ಕಾಡಿಗೆಯಿರುತ್ತದೆ, ನೈವೇದ್ಯದ ವಾಸನೆಗೆ ಇಲಿ ಬರುತ್ತದೆ. ಇಲಿಗೆ ಬನಾತು ಹಾಸಿಗೆ, ಜಿರಳೆಗೆ ಅಂಟು ಆಹಾರ.

ಮಲೆನಾಡಿನ ಮನೆಗಳ ಕಷ್ಟ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿಯೇ ನೀರಿರುವ ಶಿವಮೊಗ್ಗ, ಚಿಕ್ಕಮಗಳೂರು ಸೀಮೆಯಲ್ಲಿ ಮರ ಹಿಗ್ಗುತ್ತದೆ, ಮನೆಗಳು ಒಂದಕ್ಕೊಂದು ಉಜ್ಜಿ ಒತ್ತಿದ್ದು ಮೇಲೇಳದೆ ಉಳಿಯುತ್ತದೆ, ತಿದಿಯ ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಮರದ ವಾದ್ಯಗಳಿಗೆ ಗಾಳಿಯ ತೇವ ಶೇಕಡಾ 45ರಿಂದ 60ರ ನಡುವೆ ಇದ್ದರೆ ಹಿತ. ಅದನ್ನು ಅಳೆಯುವ ಚಿಕ್ಕ ಮಾಪಕಗಳು ಈಗ ಅಗ್ಗವಾಗಿಯೇ ದೊರೆಯುತ್ತವೆ. ಆದರೆ ಮಾಪಕಕ್ಕಿಂತ ಮುಖ್ಯವಾದದ್ದು ತೇವ ಒಮ್ಮೆಲೇ ಏರಿಳಿಯದಂತೆ ನೋಡಿಕೊಳ್ಳುವುದು. ಮಳೆಗಾಲ ಮುಗಿದೊಡನೆ ಪೇಟಿಯನ್ನು ಅಂಗಳದ ಬಿಸಿಲಿಗೆ ಇಡುವವರಿದ್ದಾರೆ. ಹಪ್ಪಳ, ಸಂಡಿಗೆ, ಕಂಬಳಿಗೆ ಬಿಸಿಲು ಒಳ್ಳೆಯದು. ಪೇಟಿಗೆ ಅದು ಶತ್ರು. ಗಾಳಿಯಾಡುವ ನೆರಳಿನ ಕೋಣೆಯಲ್ಲಿ ನಾಲ್ಕಾರು ದಿನ ತೆರೆದಿಟ್ಟರೆ ಸಾಕು.

ಹಾಗಾದರೆ ಎಲ್ಲಿ ಇಡಬೇಕು? ಹೊರಗೋಡೆಗೆ ತಾಗದ, ಬಿಸಿಲು ನೇರವಾಗಿ ಬೀಳದ ಒಳಕೋಣೆಯಲ್ಲಿ, ನೆಲದಿಂದ ಒಂದು ಗೇಣು ಎತ್ತರದ ಮಣೆ ಅಥವಾ ಮಂಚದ ಮೇಲೆ, ತಳ ಕೆಳಗಾಗಿ ಸಮತಟ್ಟಾಗಿ. ಕಪಾಟಿನಲ್ಲಿ ಜಾಗ ಸಾಲದೆಂದು ಪುಸ್ತಕದಂತೆ ನಿಲ್ಲಿಸಿಡಬಾರದು. ತಿದಿಯನ್ನು ಪೂರ್ತಿ ಮುಚ್ಚಿ ಕೊಂಡಿ ಹಾಕಬೇಕು. ಎಳೆಗುಂಡಿಗಳನ್ನೆಲ್ಲ ಒಳಕ್ಕೆ ದೂಡಬೇಕು, ರೀಡಿನ ಅಂಕಣಕ್ಕೆ ಧೂಳು ಹೋಗದಿರಲು ಅದೇ ಬಾಗಿಲು. ಮೇಲೆ ಹಳೆಯ ಹತ್ತಿಯ ಧೋತರವನ್ನೋ ಸೀರೆಯನ್ನೋ ಎರಡು ಮಡಿಕೆ ಮಾಡಿ ಹೊದಿಸಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಇಡುವುದು ಸುರಕ್ಷಿತವೆಂದು ಕಾಣುತ್ತದೆ, ಆದರೆ ಒಳಗೆ ಸಿಕ್ಕಿಕೊಂಡ ತೇವ ಹೊರಬರಲಾಗದೆ ಬೂಷ್ಟಿಗೆ ದಾರಿಯಾಗುತ್ತದೆ. ಬೇವಿನ ಒಣ ಎಲೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಪೇಟಿಯ ಹೊರಗೆ, ಹೊದಿಕೆಯ ಒಳಗೆ ಇಡಬಹುದು. ಬಿಡಿ ಎಲೆಗಳನ್ನು ಪೇಟಿಯೊಳಗೆ ಉದುರಿಸಿದರೆ ಪುಡಿ ರೀಡಿಗೆ ಸಿಕ್ಕಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಸುಲಭವಾದ ಒಂದು ಉಪಾಯವಿದೆ. ವಾರಕ್ಕೊಮ್ಮೆ, ಸೋಮವಾರವೆಂದೇ ಇಟ್ಟುಕೊಳ್ಳಿ, ಹತ್ತು ನಿಮಿಷ ಎಲ್ಲ ಮನೆಗಳನ್ನೂ ನುಡಿಸುವುದು. ಸಂಗೀತ ಬಾರದಿದ್ದರೂ ಚಿಂತೆಯಿಲ್ಲ. ಎಡದಿಂದ ಬಲಕ್ಕೆ ಒಂದೊಂದಾಗಿ ಒತ್ತಿದರೆ ಸಾಕು. ತೊಗಲು ಮೆದುವಾಗಿರುತ್ತದೆ, ಸ್ಪ್ರಿಂಗು ಚುರುಕಾಗಿರುತ್ತದೆ, ನಾಲಗೆಯ ಮೇಲೆ ಕಿಲುಬು ಕೂಡಲು ಅವಕಾಶವಾಗುವುದಿಲ್ಲ. ಯಾವ ಮನೆ ತೊಂದರೆ ಕೊಡುತ್ತಿದೆ ಎಂಬುದೂ ಆಗಿಂದಾಗಲೇ ಗೊತ್ತಾಗುತ್ತದೆ. ಮೊಮ್ಮಕ್ಕಳಿಗೆ ಈ ಕೆಲಸ ಒಪ್ಪಿಸಿದ ಮನೆಗಳಲ್ಲಿ ಆ ಮಕ್ಕಳು ಆರು ತಿಂಗಳಲ್ಲಿ ತಾವಾಗಿಯೇ ಯಾವುದೋ ವಚನದ ಧಾಟಿಯನ್ನು ಹುಡುಕಿಕೊಂಡದ್ದನ್ನು ಕಂಡಿದ್ದೇವೆ.

ಎತ್ತುವಾಗಲೂ ಎಚ್ಚರ ಬೇಕು. ಅವಸರದಲ್ಲಿ ಹಿಂದಿನ ತಿದಿಗೆ ಕೈಹಾಕಿ ಎತ್ತಿದರೆ ಕೀಲಿನ ತೊಗಲು ಒಮ್ಮೆಗೇ ಹರಿಯುತ್ತದೆ. ತಳದ ಹಲಗೆಗೆ ಎರಡೂ ಕೈ ಕೊಟ್ಟು ಎತ್ತಬೇಕು.

ರೋಗ ಯಾವುದು?

ಬಹುಕಾಲ ಮಲಗಿದ್ದ ಪೇಟಿಯನ್ನು ಹೊರತೆಗೆದಾಗ ಮೊದಲು ನುಡಿಸಬಾರದು. ಮೇಲ್ಮುಚ್ಚಳ ತೆಗೆದು ಇಲಿಯ ಹಿಕ್ಕೆ, ಗೆದ್ದಲಿನ ಮಣ್ಣು, ಜೇಡರ ಬಲೆ ಇವೆಯೇ ಎಂದು ನೋಡಬೇಕು. ಅವು ಇರುವಾಗ ತಿದಿ ಒತ್ತಿದರೆ ಕಸವೆಲ್ಲ ಗಾಳಿಯೊಡನೆ ನೇರ ರೀಡಿಗೆ ಹೋಗುತ್ತದೆ. ಮೃದು ಕುಂಚದಿಂದ ಗುಡಿಸಿ, ರಬ್ಬರಿನ ಉಬ್ಬೆಯಿಂದ ಊದಿ ಸ್ವಚ್ಛ ಮಾಡಿದ ನಂತರವೇ ಮುಂದಿನ ಮಾತು. ಬಾಯಿಯಿಂದ ಊದಬಾರದು, ಉಸಿರಿನ ತೇವ ಹಿತ್ತಾಳೆಗೆ ಒಳ್ಳೆಯದಲ್ಲ.

ಅನಂತರ ಗಾಳಿಯ ಪರೀಕ್ಷೆ. ಎಳೆಗುಂಡಿ ತೆರೆದು, ಯಾವ ಮನೆಯನ್ನೂ ಒತ್ತದೆ, ತಿದಿಯನ್ನು ಮೆಲ್ಲಗೆ ತುಂಬಿಸಿ ನಿಲ್ಲಿಸಿ. ಒಳ್ಳೆಯ ಪೇಟಿಯಲ್ಲಿ ಕೂಡಿಟ್ಟ ಗಾಳಿ ಹಾಗೆಯೇ ನಿಲ್ಲುತ್ತದೆ, ತಿದಿ ಕೈಗೆ ಎದುರೊತ್ತುತ್ತದೆ. ಐದಾರು ಎಣಿಸುವಷ್ಟರಲ್ಲಿ ಸುಸ್ಸೆಂದು ಇಳಿದುಹೋದರೆ ಎಲ್ಲಿಯೋ ಸೋರಿಕೆಯಿದೆ. ಎಲ್ಲಿ ಎಂದು ತಿಳಿಯಲು ಒಂದು ಊದಿನಕಡ್ಡಿಯ ಹೊಗೆ ಸಾಕು: ತಿದಿಯ ಮಡಿಕೆಗಳು, ಮೂಲೆಗಳು, ಹಲಗೆಯ ಸಂದುಗಳ ಬಳಿ ಕಡ್ಡಿಯನ್ನು ದೂರದಿಂದ ಸಾಗಿಸಿದರೆ ಸೋರುವ ಜಾಗದಲ್ಲಿ ಹೊಗೆ ಓಲಾಡುತ್ತದೆ. ಮನೆಗಳ ಹತ್ತಿರ ಮಾತ್ರ ಈ ಕಡ್ಡಿ ಬೇಡ. ತೀರ ಹಳೆಯ ಪೇಟಿಗಳ ಬಿಳಿ ಮನೆಗಳಿಗೆ ಸೆಲ್ಯುಲಾಯ್ಡ್ ಹೊದಿಸಿರುವುದುಂಟು. ಅದಕ್ಕೆ ಬೆಂಕಿ ಬಲು ಬೇಗ ತಗಲುತ್ತದೆ.

ಯಾವ ಮನೆಯನ್ನೂ ಒತ್ತದೆ ಒಂದು ಸ್ವರ ತಾನಾಗಿ ಕೂಗುತ್ತಿದ್ದರೆ ಅದು ರೀಡಿನ ದೋಷವಲ್ಲ. ಆ ಮನೆಯ ಹಿಂತುದಿ ರಂಧ್ರದ ಮೇಲೆ ಸರಿಯಾಗಿ ಕೂಡುತ್ತಿಲ್ಲ. ತೊಗಲಿನ ಕೆಳಗೆ ಕಸ ಸೇರಿರಬಹುದು, ಸ್ಪ್ರಿಂಗು ಸಡಿಲವಾಗಿರಬಹುದು, ಮರ ಹಿಗ್ಗಿ ಪಕ್ಕದ ಮನೆಗೆ ಸಿಕ್ಕಿಕೊಂಡಿರಬಹುದು. ಮಳೆಗಾಲದಲ್ಲಿ ಹೀಗಾದರೆ ಮರಳುಕಾಗದ ಹಿಡಿದು ಮನೆಯ ಬದಿಯನ್ನು ಉಜ್ಜುವ ಆತುರ ಬೇಡ. ಆಷಾಢದಲ್ಲಿ ಉಜ್ಜಿ ತೆಗೆದ ಮರ ಮಾಘದಲ್ಲಿ ಹಿಂದಿರುಗಿ ಬರುವುದಿಲ್ಲ. ಬೇಸಿಗೆ ಬಂದಾಗ ಮನೆ ಸಡಿಲವಾಗಿ ಗಡಗಡ ಎನ್ನುತ್ತದೆ. ಎರಡು ವಾರ ಒಣ ಹವೆಗೆ ಕಾದು ನೋಡಿ, ಆಗಲೂ ಬಿಡದಿದ್ದರೆ ಮಾತ್ರ ಕೈಹಚ್ಚಬೇಕು.

ಒಂದು ಸ್ವರ ಮೂಕವಾಗಿದ್ದರೆ ಅಥವಾ ಝಿರ್ ಎಂದು ನಡುಗಿದರೆ ಆಗ ರೀಡನ್ನು ನೋಡಬೇಕು. ಬಹುತೇಕ ಅಲ್ಲಿ ಸಿಕ್ಕಿರುವುದು ಒಂದು ಕೂದಲು, ಒಂದು ನೂಲು, ಒಂದು ಕಣ ಧೂಳು. ನಾಲಗೆಯ ಕೆಳಗೆ ತೆಳುವಾದ ಗಟ್ಟಿ ಕಾಗದವನ್ನು ತೂರಿಸಿ ಮೆಲ್ಲಗೆ ಎಳೆದರೆ ಅದು ಹೊರಬರುತ್ತದೆ. ಕುಂಚ ಆಡಿಸುವುದಾದರೆ ಬಿಗಿದ ಬುಡದಿಂದ ಬಿಡಿ ತುದಿಯ ಕಡೆಗೇ ಆಡಿಸಬೇಕು. ಅಡ್ಡಡ್ಡ ಉಜ್ಜಿದರೆ ನಾಲಗೆ ಓರೆಯಾಗಿ ಸೀಳಿನ ಅಂಚಿಗೆ ತಾಗುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಯಾವುದನ್ನೂ ರೀಡಿಗೆ ಸವರಬಾರದು. ಹೊಳಪು ಬರಲೆಂದು ಹುಣಸೆಹಣ್ಣು ಹಚ್ಚುವ ಸಾಹಸವಂತೂ ದೇವರ ಪಾತ್ರೆಗಳಿಗೇ ಇರಲಿ.

ದುರಸ್ತಿಯ ಕ್ರಮ

ದುರಸ್ತಿಗೆ ಕೊಡುವಾಗ ಮನೆಯವರು ಮರೆಯಬಾರದ ಒಂದು ಕ್ರಮವಿದೆ. ಮೊದಲು ಗಾಳಿಯ ಸೋರಿಕೆ, ಅನಂತರ ಮನೆಗಳ ಸಮತಟ್ಟು ಮತ್ತು ಸ್ಪ್ರಿಂಗು, ಆಮೇಲೆ ರೀಡಿನ ಶುದ್ಧಿ, ಎಲ್ಲಕ್ಕೂ ಕೊನೆಯಲ್ಲಿ ಶ್ರುತಿ. ಈ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಪೇಟಿಯೂ ಕೆಡುತ್ತದೆ. ಏಕೆಂದರೆ ರೀಡಿನ ಶ್ರುತಿ ಗಾಳಿಯ ಒತ್ತಡಕ್ಕೆ ತಕ್ಕಂತೆ ತುಸು ಬದಲಾಗುತ್ತದೆ. ಸೋರುವ ತಿದಿಯ ಬಲಹೀನ ಗಾಳಿಯಲ್ಲಿ ಶ್ರುತಿ ಕೂಡಿಸಿ, ಆಮೇಲೆ ತಿದಿ ಗಟ್ಟಿ ಮಾಡಿಸಿದರೆ ಕೂಡಿಸಿದ ಶ್ರುತಿಯೆಲ್ಲ ಜಾರುತ್ತದೆ; ಮತ್ತೊಮ್ಮೆ ಅರ ಹಿಡಿಯಬೇಕಾಗುತ್ತದೆ.

ಅರದ ಕೆಲಸವೆಂದರೆ ಹೀಗೆ. ನಾಲಗೆಯ ಬಿಡಿ ತುದಿಯಲ್ಲಿ ಎಳ್ಳಿನ ಸಿಪ್ಪೆಯಷ್ಟು ಲೋಹ ಕೆರೆದರೆ ಸ್ವರ ಏರುತ್ತದೆ. ಬುಡದ ಬಳಿ ಕೆರೆದರೆ ಇಳಿಯುತ್ತದೆ. ಎರಡರಲ್ಲಿಯೂ ಲೋಹ ಹೋಗುತ್ತದೆ, ಮರಳಿ ಸೇರುವುದಿಲ್ಲ. ಏರಿಸಿದ್ದು ಹೆಚ್ಚಾಯಿತೆಂದು ಇಳಿಸಿ, ಇಳಿದದ್ದು ಹೆಚ್ಚಾಯಿತೆಂದು ಏರಿಸಿ, ಹೀಗೆ ನಾಲ್ಕು ಬಾರಿ ಮಾಡಿದರೆ ನಾಲಗೆ ಸವೆದು ಒಂದು ದಿನ ಬುಡದಲ್ಲಿ ಮುರಿಯುತ್ತದೆ. ತಾರಸ್ಥಾಯಿಯ ಗಿಡ್ಡ ನಾಲಗೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಲ್ಲ ಕುಶಲಕರ್ಮಿ ಅರಕ್ಕಿಂತ ಹೆಚ್ಚು ಹೊತ್ತು ಕಿವಿಯನ್ನೇ ಬಳಸುತ್ತಾನೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂದು ಎಲ್ಲರ ಕೈಯಲ್ಲೂ ಮೊಬೈಲಿದೆ, ಅದರಲ್ಲಿ ಶ್ರುತಿ ಅಳೆಯುವ ಸಾಧನವಿದೆ. ಅದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ, ಪ್ರತಿ ಭಾಗಕ್ಕೆ 100 ಸೆಂಟ್ ಎಂದು ಎಣಿಸುತ್ತದೆ. ಆ ಲೆಕ್ಕದಲ್ಲಿ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ದೂರ. ತಂಬೂರಿಯೊಡನೆ ಹಾಡುವವರ ಸಹಜ ಗಾಂಧಾರ 386ರಲ್ಲಿಯೇ ನಿಲ್ಲುತ್ತದೆ. ಧೈವತದಲ್ಲಿ ಸುಮಾರು 16, ನಿಷಾದದಲ್ಲಿ ಸುಮಾರು 12 ಸೆಂಟ್ ವ್ಯತ್ಯಾಸ. ಹಿಂದಿನ ಕೆಲವು ಗವಾಯಿಗಳು ತಮ್ಮ ಷಡ್ಜವನ್ನು ಹೇಳಿ, ಅದಕ್ಕೆ ಒಪ್ಪುವ ಸಹಜ ಶ್ರುತಿಯಲ್ಲಿಯೇ ಪೇಟಿ ಕೂಡಿಸಿಕೊಳ್ಳುತ್ತಿದ್ದರು. ಅಂತಹ ಪೇಟಿಯನ್ನು ಮೊಬೈಲಿನ ಮುಂದಿಟ್ಟರೆ ಮೂರು ಸ್ವರ ತಪ್ಪಿವೆ ಎಂದೇ ಅದು ತೋರಿಸುತ್ತದೆ. ಅವು ತಪ್ಪಿಲ್ಲ; ಅಜ್ಜನ ಕೊರಳಿಗೆ ತಕ್ಕಂತೆ ಇವೆ. ಷಡ್ಜ, ಗಾಂಧಾರಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಧ್ವನಿ ಅಲೆಅಲೆಯಾಗಿ ನಡುಗದೆ ನೀರಿನಂತೆ ನಿಂತರೆ ಅದು ಬೇಕೆಂದೇ ಕೂಡಿಸಿದ ಶ್ರುತಿ. ಅದನ್ನು ಮುಟ್ಟಬೇಡಿರೆಂದು ರಿಪೇರಿಯವರಿಗೆ ಮೊದಲೇ ಹೇಳಬೇಕು. ಕರಿ ಒಂದೋ ಬಿಳಿ ನಾಲ್ಕೋ, ಯಾವ ಮನೆಯಿಂದ ಅಜ್ಜ ಹಾಡುತ್ತಿದ್ದರೆಂಬುದನ್ನು ನೆನಪಿರುವ ಹಿರಿಯರಿಂದ ಕೇಳಿ ತಿಳಿದುಕೊಂಡರೆ ಈ ಪರೀಕ್ಷೆ ಸುಲಭ.

ಪರಿಚಿತರೊಬ್ಬರ ಮನೆಯಲ್ಲಿ ನಡೆದ ಸಂಗತಿ. ತಂದೆಯ ಪೇಟಿಯನ್ನು ಮಗ ನಗರದ ಒಂದು ಅಂಗಡಿಗೆ ದುರಸ್ತಿಗೆ ಕೊಟ್ಟ. ಹದಿನೈದು ದಿನದ ಮೇಲೆ ಅದು ಕನ್ನಡಿಯಂತೆ ಹೊಳೆಯುತ್ತ ಬಂತು. ಹೊಸ ತಿದಿ, ಹೊಸ ಮನೆ, ದೊಡ್ಡ ಧ್ವನಿ. ದೃಷ್ಟಿ ಮಸುಕಾಗಿದ್ದ ತಾಯಿ ಒಳಕೋಣೆಯಿಂದಲೇ ಕೇಳಿ ಅಂದರು: "ತಮ್ಮಾ, ಇದು ನಮ್ಮ ಪೇಟಿ ಅಲ್ಲೋ. ಅದರ ದನಿ ನಾ ಐವತ್ತು ವರ್ಷ ಕೇಳೀನಿ." ಬಿಚ್ಚಿ ನೋಡಿದರೆ ಹಳೆಯ ರೀಡುಗಳೆಲ್ಲ ಹೋಗಿ ಹೊಸವು ಕುಳಿತಿದ್ದವು. ಅಂಗಡಿಯವನು ಮೋಸ ಮಾಡಿದ್ದನೆಂದು ಹೇಳಲಾಗದು. ಹಳೆಯವು ಕಪ್ಪಾಗಿದ್ದವು, ತೆಗೆದುಹಾಕಿದೆ ಎಂದ. ಕಪ್ಪಾಗುವುದು ಹಿತ್ತಾಳೆಯ ಸ್ವಭಾವ, ಅದರಿಂದ ಸ್ವರಕ್ಕೆ ಕೇಡಿಲ್ಲವೆಂಬುದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಆ ರೀಡುಗಳು ಅಷ್ಟರಲ್ಲಿ ತೂಕಕ್ಕೆ ಹೋಗಿದ್ದವು.

ಆದುದರಿಂದ ಕೊಡುವ ಮೊದಲು ಮಾತು ಖಚಿತವಾಗಿರಲಿ. ಯಾವ ರೀಡನ್ನೂ ಕೇಳದೆ ಬದಲಿಸಬಾರದು. ಮುರಿದದ್ದನ್ನು ಮಾತ್ರ ಬದಲಿಸಬೇಕು. ತೆಗೆದ ಹಳೆಯ ಭಾಗಗಳನ್ನೆಲ್ಲ ಹಿಂದಿರುಗಿಸಬೇಕು. ಪೇಟಿ ಬಿಚ್ಚುವಾಗ ಒಳಭಾಗದ ನಾಲ್ಕು ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಮುಂದೆ ವಾದವೇ ಬರುವುದಿಲ್ಲ. ತೆಗೆದ ರೀಡುಗಳನ್ನು ಡಬ್ಬಿಯಲ್ಲಿ ಕಲೆಸಿಡದೆ, ದಪ್ಪ ರಟ್ಟಿನಲ್ಲಿ ಸೀಳು ಮಾಡಿ ಕ್ರಮವಾಗಿ ಸಿಕ್ಕಿಸಿ, ಸಂಖ್ಯೆ ಬರೆಯುವ ಕುಶಲಕರ್ಮಿ ಸಿಕ್ಕರೆ ಅವನನ್ನು ನಂಬಬಹುದು.

ಅಂಟಿನ ವಿಷಯವನ್ನೂ ಕೇಳಬೇಕು. ಹಳೆಯ ಪೇಟಿಗಳ ತಿದಿಗೆ ಬಳಸಿದ್ದು ಬಿಸಿ ಮಾಡಿ ಹಚ್ಚುವ ಹಳೆಯ ಬಡಗಿ ಅಂಟು. ಬೆಚ್ಚನೆಯ ನೀರಿನ ಬಟ್ಟೆ ಒತ್ತಿದರೆ ಅದು ಬಿಡುತ್ತದೆ, ತೊಗಲು ಹರಿಯದೆ ಬರುತ್ತದೆ. ಈಗಿನ ಬಿಳಿ ಅಂಟು ಹಚ್ಚುವುದು ಸುಲಭ, ಹಿಡಿತವೂ ಗಟ್ಟಿ. ಆದರೆ ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬರು ತಿದಿ ಬಿಚ್ಚಬೇಕಾದಾಗ ಅದರೊಡನೆ ಮರದ ಸಿಬಿರೂ ಕಿತ್ತುಬರುತ್ತದೆ. ಕಾಲಿನ ಪೇಟಿಯಿದ್ದವರು ತುಳಿಗೆಯಿಂದ ತಿದಿಗೆ ಹೋಗುವ ಪಟ್ಟಿಗಳನ್ನು ಮೊದಲು ನೋಡಬೇಕು. ಹಲವು ಸಲ ಆ ಪಟ್ಟಿಯೊಂದು ಹರಿದದ್ದಕ್ಕೇ ಇಡೀ ವಾದ್ಯ ಕೆಟ್ಟಿದೆಯೆಂದು ಮೂಲೆಗೆ ಸೇರಿಸಿರುತ್ತಾರೆ.

ಪೇಟಿಯ ಪಕ್ಕದಲ್ಲಿಯೇ ಹಲವರ ಮನೆಯಲ್ಲಿ ಹಳೆಯ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯೋ ಮಕ್ಕಳ ಕೀಬೋರ್ಡೋ ಇರುತ್ತದೆ. ಅವುಗಳಿಗೆ ತಿದಿಯಿಲ್ಲ, ರೀಡಿಲ್ಲ. ಅವುಗಳ ಕೇಡು ಬೇರೆ. ಒಳಗೆ ಬಿಟ್ಟ ಸೆಲ್ಲುಗಳು ಸೋರಿ ತಾಮ್ರದ ಗೆರೆಗಳನ್ನು ತಿಂದುಬಿಡುತ್ತವೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ಲು ತೆಗೆದಿಡಬೇಕು. ಹತ್ತಾರು ವರ್ಷ ಮುಟ್ಟದ್ದನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸದೆ, ಒಳಗೆ ಒಣಗಿದ ಕೆಪಾಸಿಟರುಗಳಿವೆಯೇ ಎಂದು ರೇಡಿಯೋ ರಿಪೇರಿ ಬಲ್ಲವರಿಂದ ನೋಡಿಸಬೇಕು. ಬೇರೆ ಯಂತ್ರದ ಅಡಾಪ್ಟರನ್ನು ತೂತಿಗೆ ಹೊಂದಿತೆಂಬ ಕಾರಣಕ್ಕೆ ಸಿಕ್ಕಿಸಬಾರದು.

ಮನೆಯಲ್ಲಿ ನುಡಿಸುವವರು ಯಾರೂ ಇಲ್ಲವೆಂದಾದರೆ ಊರಿನ ಭಜನಾ ಮಂಡಳಿಗೋ, ಸಂಗೀತ ಕಲಿಯುತ್ತಿರುವ ಬಡ ಮಗುವಿಗೋ, ಶಾಲೆಗೋ ಕೊಡಬಹುದು. ಕೊಡುವಾಗ ಸುಸ್ಥಿತಿಯಲ್ಲಿ ಕೊಡಬೇಕು; ಕೆಟ್ಟ ಪೇಟಿಯನ್ನು ಮಠಕ್ಕೆ ಒಪ್ಪಿಸಿ ದಾಸೋಹವೆನ್ನುವುದು ತರವಲ್ಲ.

ಹಳೆಯ ಪೇಟಿಗಳ ರೀಡಿನ ಹಲಗೆಯನ್ನು ಬಿಚ್ಚಿದಾಗ ಕೆಲವೊಮ್ಮೆ ಒಳಬದಿಯಲ್ಲಿ ಸೀಸದ ಕಡ್ಡಿಯಿಂದ ಬರೆದ ತಾರೀಖು, ಊರಿನ ಹೆಸರು, ಸ್ವರದ ಗುರುತು ಕಾಣುತ್ತವೆ. ಹಿಂದೆ ದುರಸ್ತಿ ಮಾಡಿದವರು ಮುಂದಿನವರಿಗೆ ಬಿಟ್ಟ ಸೂಚನೆಗಳವು. ಅವನ್ನು ಅಳಿಸಬಾರದು. ಈ ಸಲ ಯಾವ ವರ್ಷ ದುರಸ್ತಿಯಾಯಿತು, ಯಾವ ರೀಡು ಬದಲಾಯಿತು, ಷಡ್ಜ ಯಾವ ಮನೆಯದು, ಯಾವ ಅಂಟು ಹಚ್ಚಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿಡಿ. ಬರೆಯುವುದು ಪೆನ್ಸಿಲಿನಲ್ಲಿ, ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ.